ಗಿರಗಿರ ತಿರುಗುವ ಫೋಟೊ: ಚಾಟ್ ಆ್ಯಪ್‌ನಲ್ಲಿ ಉತ್ತರ ಸಿಗದ ರಿಕ್ವೆಸ್ಟ್ ಹುಡುಕುವ ಬಗೆ

ಗುಳೇದಗುಡ್ಡದಿಂದ ಕಾಕಾ ಫೋನ್ ಮಾಡಿದಾಗ ಸಂಜೆ ಐದು ಗಂಟೆ. "ತಮ್ಮಾ, ಹೊಸಾ ಖಣದ ಫೋಟೊ ಕಳಿಸೇನಿ. ತಾಸ ಆಗಾಕ ಬಂತು, ಬರೇ ಗಿರಗಿರ ತಿರಗಾಕತ್ತೈತಿ. ಬೆಳಗಾವಿ ಅಂಗಡ್ಯಾವ್ರು ಎರಡ ಸಲ ಕೇಳಿದ್ರು."

"ನೆಟ್ ಐತೇನ್ರಿ ಕಾಕಾ?"

"ನೆಟ್ ಛಲೋ ಐತಿ. ಈಗ ಅವರಿಗೆ 'ಬಂತೇನ್ರಿ' ಅಂತ ಮೆಸೇಜ್ ಹಾಕಿದೆ, ಅದು ಹೋತು. ಫೋಟೊ ಅಷ್ಟ ಹೋಗವಲ್ದು. ನಡುವ ಕರೆಂಟ್ ಹೋಗಿತ್ತ ನೋಡು."

ಕಾಕಾನ ಈ ಕೊನೆಯ ಮಾತಿನಲ್ಲೇ ಅರ್ಧ ಉತ್ತರ ಇತ್ತು. ಅದು ನನಗೆ ತಿಳಿದದ್ದು ಮಾತ್ರ ಎರಡು ದಿನ ತಲೆ ಕೆರೆದುಕೊಂಡ ಮೇಲೆ. ಅದೇ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಸಣ್ಣ ಎಕ್ಸ್‌ಎಂಪಿಪಿ (ಚಾಟ್ ಸಾಗಿಸುವ ಒಂದು ಮುಕ್ತ ಪ್ರೊಟೊಕಾಲ್, ಅಂದರೆ ನಿಯಮಾವಳಿ) ಸರ್ವರ್ ನಡೆಸುವವರಿಗೆ, ಅಥವಾ ಓಪನ್ ಸೋರ್ಸ್ ಚಾಟ್ ಕ್ಲೈಂಟ್‌ನ (ಬಳಸುವವರ ಕಡೆಯ ಆ್ಯಪ್) ಕೋಡ್ ಮುಟ್ಟುವವರಿಗೆ ಇದು ಕೆಲಸಕ್ಕೆ ಬಂದೀತು.

ನಮ್ಮ ಏರ್ಪಾಡು ದೊಡ್ಡದೇನಲ್ಲ. ಬಾಗಲಕೋಟೆ ನವನಗರದ ನನ್ನ ರಿಪೇರಿ ಅಂಗಡಿಯ ಲೆಕ್ಕದಲ್ಲಿ ಒಂದು ಬಾಡಿಗೆ ಸರ್ವರ್ ಇದೆ, ಅದರ ಮೇಲೆ ಪ್ರೊಸೊಡಿ ಎಂಬ ಚಾಟ್ ಸರ್ವರ್ ತಂತ್ರಾಂಶ ಓಡುತ್ತದೆ. ಖಣ, ಅಂದರೆ ರವಿಕೆ ಬಟ್ಟೆ, ನೇಯುವ ಹತ್ತು ಹನ್ನೆರಡು ಮನೆ, ಬೆಳಗಾವಿಯ ಒಂದು ಅಂಗಡಿ, ಬಣ್ಣ ಹಾಕುವ ಇಬ್ಬರು. ಡಿಸೈನ್ ಫೋಟೊ ಊರೆಲ್ಲ ಸುತ್ತಬಾರದು ಎಂದು ಅವರೇ ಕೇಳಿ ಮಾಡಿಸಿಕೊಂಡದ್ದು. ಕ್ಲೈಂಟ್ ಆಗಿ ಒಂದು ಓಪನ್ ಸೋರ್ಸ್ ಡೆಸ್ಕ್‌ಟಾಪ್ ಆ್ಯಪ್ ತೆಗೆದುಕೊಂಡು, ಫೋಟೊ ಬಟನ್ ದೊಡ್ಡದು ಮಾಡಿ, ಒಂದಿಷ್ಟು ನಮ್ಮದೇ ತಿದ್ದುಪಡಿ ಸೇರಿಸಿದ್ದೇನೆ. ಆ ತಿದ್ದುಪಡಿಯ ವಿಷಯ ಆಮೇಲೆ ಬರುತ್ತದೆ.

ಮೊದಲು, ಆ್ಯಪ್ ಮುಚ್ಚಬೇಡಿ

ಎಲ್ಲರೂ ಮಾಡುವ ತಪ್ಪು ಇದು. ತಿರುಗುತ್ತಿದೆ ಅಂದ ಕೂಡಲೇ ಮುಚ್ಚಿ ತೆರೆಯುತ್ತಾರೆ. ಫೋಟೊ ಹೋಗುತ್ತದೆ, ಸಾಕ್ಷಿಯೂ ಹೋಗುತ್ತದೆ. ನಾನು ಕಾಕಾನಿಗೆ "ಏನೂ ಮುಟ್ಟಬ್ಯಾಡ್ರಿ, ಹಂಗ ಬಿಡ್ರಿ" ಎಂದು ಹೇಳಿ ಬೈಕ್ ಹತ್ತಿದೆ. ಹೋಗಿ ನೋಡಿದಾಗಲೂ ಆ ಚಕ್ರ ತಿರುಗುತ್ತಲೇ ಇತ್ತು, ಮಗ್ಗದ ಸದ್ದಿನ ಜೊತೆ.

ಆ ಚಕ್ರ ಹೇಳುವುದು ಒಂದೇ ಮಾತು: ಏನೋ ಕೇಳಿದ್ದೇವೆ, ಉತ್ತರ ಬಂದಿಲ್ಲ. ಯಾರನ್ನು ಕೇಳಿದೆವು, ಯಾವಾಗ ಕೇಳಿದೆವು, ಕೇಳಿದ ಮಾತು ಅಲ್ಲಿಗೆ ಮುಟ್ಟಿತಾ ಎಂಬುದನ್ನು ಅದು ಹೇಳುವುದಿಲ್ಲ. ಹಾಗಾಗಿ ಮೊದಲ ಕೆಲಸ, ಬಾಕಿ ಇರುವ ರಿಕ್ವೆಸ್ಟ್ ಯಾವುದು ಎಂದು ಕಂಡುಹಿಡಿಯುವುದು.

ಎಕ್ಸ್‌ಎಂಪಿಪಿಯಲ್ಲಿ ಇದಕ್ಕೊಂದು ಒಳ್ಳೆಯ ಪದ್ಧತಿ ಇದೆ. 1999ರಲ್ಲಿ ಜೆರೆಮಿ ಮಿಲ್ಲರ್ ಜ್ಯಾಬರ್ ಎಂಬ ಹೆಸರಿನಲ್ಲಿ ಶುರುಮಾಡಿದ ಪ್ರೊಟೊಕಾಲ್ ಇದು. ಈಗಿನ ಮೂಲ ನಿಯಮ 2011ರ ಆರ್‌ಎಫ್‌ಸಿ 6120 ಎಂಬ ದಾಖಲೆಯಲ್ಲಿದೆ. ಇದರಲ್ಲಿ ಸಾಗುವ ಪೊಟ್ಟಣಗಳು ಮೂರು ಬಗೆ: ಮೆಸೇಜ್, ಪ್ರೆಸೆನ್ಸ್ (ಯಾರು ಆನ್‌ಲೈನ್ ಇದ್ದಾರೆ ಎಂಬ ಸುದ್ದಿ), ಐಕ್ಯೂ (ಪ್ರಶ್ನೆ-ಉತ್ತರ). ಮೆಸೇಜ್ ಕಳಿಸಿದರೆ ಉತ್ತರ ಬರಲೇಬೇಕು ಎಂದಿಲ್ಲ. ಐಕ್ಯೂ ಹಾಗಲ್ಲ. ಗೆಟ್ ಅಥವಾ ಸೆಟ್ ಎಂದು ಕೇಳಿದರೆ, ಆ ಕಡೆಯವರು ರಿಸಲ್ಟ್ ಅಥವಾ ಎರರ್ ಎಂದು ಉತ್ತರ ಕೊಡಲೇಬೇಕು. ಕೇಳಿದಾಗ ಹಾಕಿದ ಐಡಿಯನ್ನೇ ಉತ್ತರದಲ್ಲೂ ಹಾಕಬೇಕು.

ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನೋಡಿದ್ದೀರಲ್ವಾ? ಕೊಟ್ಟಾಗ ಬರೆಯುವುದು, ದುಡ್ಡು ಬಂದಾಗ ಹೊಡೆದು ಹಾಕುವುದು. ಕ್ಲೈಂಟ್ ಒಳಗೂ ಅಂಥದ್ದೇ ಒಂದು ಪಟ್ಟಿ ಇರುತ್ತದೆ. ಐಡಿ ಒಂದು ಕಡೆ, ಉತ್ತರ ಬಂದಾಗ ಯಾರನ್ನು ಕರೆಯಬೇಕು ಎಂಬುದು ಇನ್ನೊಂದು ಕಡೆ. ಉತ್ತರ ಬಂತು, ಕರೆದ, ಸಾಲು ಅಳಿಸಿದ. ಪುಸ್ತಕ ಸರಿ ಇದ್ದರೆ ಬಾಕಿ ಕೇಳುವುದು ಸುಲಭ. ಪುಸ್ತಕವೇ ಕಳೆದರೆ ದುಡ್ಡು ತಂದವನನ್ನೂ "ನೀ ಯಾರಪಾ" ಎಂದು ಕೇಳಬೇಕಾಗುತ್ತದೆ. ನಮ್ಮಲ್ಲಿ ಆದದ್ದು ಅದೇ.

ಫೋಟೊ ಯಾವ ಮೆಟ್ಟಿಲಲ್ಲಿ ನಿಂತಿದೆ

ಒಂದು ಫೋಟೊ ಹೋಗಲು ಮೂರು ಮೆಟ್ಟಿಲು. ಎಕ್ಸ್‌ಇಪಿ-0363 ಎಂಬ ವಿಸ್ತರಣೆ ಇದನ್ನು ವಿವರಿಸುತ್ತದೆ. ಮೊದಲು ಕ್ಲೈಂಟ್ ಒಂದು ಐಕ್ಯೂ ಕಳಿಸಿ, ಇಂಥ ಹೆಸರಿನ ಇಷ್ಟು ಬೈಟ್‌ನ ಫೈಲ್ ಇದೆ, ಜಾಗ ಕೊಡಿ ಎನ್ನುತ್ತದೆ. ಸರ್ವರ್ ಎರಡು ವಿಳಾಸ ಕೊಡುತ್ತದೆ, ಒಂದು ಹಾಕಲು, ಒಂದು ತೆಗೆಯಲು. ಎರಡನೆಯ ಮೆಟ್ಟಿಲಲ್ಲಿ ಕ್ಲೈಂಟ್ ಬೇರೆಯೇ ಎಚ್‌ಟಿಟಿಪಿಎಸ್ ಸಂಪರ್ಕದಲ್ಲಿ ಫೈಲ್ ಹಾಕುತ್ತದೆ, 201 ಎಂಬ ಉತ್ತರ ಬಂದರೆ ಹಾಕಿದ್ದಾಯಿತು. ಮೂರನೆಯದರಲ್ಲಿ ತೆಗೆಯುವ ವಿಳಾಸವನ್ನು ಮೆಸೇಜ್ ಆಗಿ ಎದುರಿನವರಿಗೆ ಕಳಿಸುತ್ತದೆ. ಮೂರರಲ್ಲಿ ಎಲ್ಲಿ ನಿಂತರೂ ಬಳಕೆದಾರರಿಗೆ ಕಾಣುವುದು ಅದೇ ಒಂದು ಚಕ್ರ.

ಲಿನಕ್ಸ್‌ನಲ್ಲಿ ನಾನು ಮೊದಲು ನೋಡುವುದು ಎಸ್‌ಎಸ್ ಕಮಾಂಡ್. ಟಿ, ಎನ್, ಪಿ ಆಯ್ಕೆ ಹಾಕಿದರೆ ತೆರೆದಿರುವ ಟಿಸಿಪಿ ಸಂಪರ್ಕಗಳು ಬರುತ್ತವೆ. 5222 ಪೋರ್ಟಿನ (ಚಾಟ್ ಸಂಪರ್ಕದ ಬಾಗಿಲಿನ ಸಂಖ್ಯೆ) ಸಾಲು ಹುಡುಕಿ, ಅದರ ಎರಡು ಅಂಕಿ, ಸೆಂಡ್-ಕ್ಯೂ ಮತ್ತು ರಿಸೀವ್-ಕ್ಯೂ, ನೋಡಿ. ಈ ಎರಡು ಅಂಕಿಗಳಿಂದ ಸಿಗುವಷ್ಟು ಮಾಹಿತಿ ಬೇರೆ ಯಾವುದರಿಂದಲೂ ಇಷ್ಟು ಬೇಗ ಸಿಗುವುದಿಲ್ಲ.

ಸೆಂಡ್-ಕ್ಯೂ ಎಂದರೆ ನಾವು ಕಳಿಸಿ ಆ ಕಡೆಯ ಯಂತ್ರ ಇನ್ನೂ ಮುಟ್ಟಿತು ಎಂದು ಹೇಳದ ಬೈಟ್‌ಗಳು. ಇದು ಸೊನ್ನೆ ಇಲ್ಲದೆ ಹಾಗೇ ನಿಂತಿದ್ದರೆ, ಇಲ್ಲವೇ ಪ್ರತಿ ಮೆಸೇಜಿಗೂ ಬೆಳೆಯುತ್ತಿದ್ದರೆ, ದಾರಿ ಕಡಿದಿದೆ. ಆ್ಯಪ್ ಕೋಡ್ ಓದುತ್ತ ಕೂರಬೇಡಿ, ಸದ್ಯಕ್ಕೆ ತಪ್ಪು ಅಲ್ಲಿಲ್ಲ. ರಿಸೀವ್-ಕ್ಯೂ ಎಂದರೆ ನಮ್ಮ ಯಂತ್ರಕ್ಕೆ ಬಂದು ಆ್ಯಪ್ ಇನ್ನೂ ಓದದೆ ಬಿಟ್ಟ ಬೈಟ್‌ಗಳು. ಇದು ಬೆಳೆಯುತ್ತಿದ್ದರೆ ಆ್ಯಪ್ ಎಲ್ಲೋ ಸಿಕ್ಕಿಹಾಕಿಕೊಂಡಿದೆ. ಮುಖ್ಯ ಎಳೆಯಲ್ಲಿ (ಮೇನ್ ಥ್ರೆಡ್) ದೊಡ್ಡ ಫೋಟೊ ಸಣ್ಣದು ಮಾಡುತ್ತ ಕೂತಿರಬಹುದು, ಡೇಟಾಬೇಸ್ ಬೀಗಕ್ಕೆ ಕಾಯುತ್ತಿರಬಹುದು. ಎರಡೂ ಸೊನ್ನೆ ಇದ್ದರೆ ನಮ್ಮ ಮಾತು ಆ ಕಡೆಯ ಯಂತ್ರಕ್ಕೆ ಮುಟ್ಟಿದೆ. ಆಗ ಸರ್ವರ್ ಉತ್ತರ ಕೊಟ್ಟಿಲ್ಲ, ಅಥವಾ ಕೊಟ್ಟ ಉತ್ತರವನ್ನು ಆ್ಯಪ್ ಕಳೆದುಕೊಂಡಿದೆ.

ಕಾಕಾನ ಲ್ಯಾಪ್‌ಟಾಪ್‌ನಲ್ಲಿ ಎರಡೂ ಸೊನ್ನೆ.

ದಾರಿ ಕಡಿದ ಬಗೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಕಡೆ ಅದೇ ಜಾಸ್ತಿ. ಮನೆಯಲ್ಲಿ ಇನ್ವರ್ಟರ್ ಇರುತ್ತದೆ, ರೂಟರ್ ಬದುಕಿರುತ್ತದೆ, ಓಣಿಯ ನೆಟ್ ಪೆಟ್ಟಿಗೆಗೆ ಮಾತ್ರ ಕರೆಂಟ್ ಇರುವುದಿಲ್ಲ. ವೈಫೈ ಚಿಹ್ನೆ ಪೂರ್ತಿ ತುಂಬಿರುತ್ತದೆ. ಆಪರೇಟಿಂಗ್ ಸಿಸ್ಟಮ್‌ಗೆ ಏನೂ ಗೊತ್ತಾಗುವುದಿಲ್ಲ. ಕರೆಂಟ್ ಬಂದ ಮೇಲೆ ನಡುವಿನ ಸಾಧನಗಳು ಹಳೆಯ ಸಂಪರ್ಕ ಮರೆತಿರಬಹುದು. ಕೆಲವು "ಇಂಥದ್ದು ಇಲ್ಲ" ಎಂದು ತಿರುಗಿ ಹೇಳುತ್ತವೆ, ಆಗ ಆ್ಯಪ್‌ಗೆ ತಕ್ಷಣ ತಿಳಿಯುತ್ತದೆ. ಕೆಲವು ಸುಮ್ನೆ ನುಂಗುತ್ತವೆ. ಬ್ರೌಸರ್ ಹೊಸ ಸಂಪರ್ಕ ಮಾಡುವುದರಿಂದ ಎಲ್ಲ ತೆರೆಯುತ್ತದೆ, ಚಾಟ್ ಮಾತ್ರ ಹಳೆಯದಕ್ಕೇ ಜೋತುಬಿದ್ದಿರುತ್ತದೆ. ಲಿನಕ್ಸ್ ತಾನಾಗಿ ಕೈಬಿಡಲು ಎಷ್ಟು ಹೊತ್ತು ಬೇಕು ಗೊತ್ತಾ? ಕಳಿಸಿದ್ದು ಮುಟ್ಟದಿದ್ದರೆ, ಸಹಜ ಸೆಟ್ಟಿಂಗ್‌ನಲ್ಲಿ 15 ಸಲ ಮರುಪ್ರಯತ್ನ, ಅಂದಾಜು 924 ಸೆಕೆಂಡು, ಅಂದರೆ ಕಾಲು ತಾಸಿಗಿಂತ ಜಾಸ್ತಿ. ಏನೂ ಕಳಿಸದೆ ಸುಮ್ಮನಿದ್ದರೆ ಕೀಪ್‌ಅಲೈವ್, ಅಂದರೆ ಸಂಪರ್ಕ ಬದುಕಿದೆಯಾ ಎಂಬ ತಪಾಸಣೆ, ಶುರುವಾಗುವುದೇ 7200 ಸೆಕೆಂಡಿನ ಮೇಲೆ, ಅದೂ ಆ್ಯಪ್ ಅದನ್ನು ಕೇಳಿಕೊಂಡಿದ್ದರೆ ಮಾತ್ರ. ಹಾಗಾಗಿ ಆ್ಯಪ್ ತಾನೇ ಆಗಾಗ ಪಿಂಗ್ ("ಇದ್ದೀಯಾ?" ಎಂಬ ಪುಟ್ಟ ಪ್ರಶ್ನೆ) ಕಳಿಸಬೇಕು, ಅರ್ಧ ನಿಮಿಷದಲ್ಲಿ ಉತ್ತರ ಇಲ್ಲದಿದ್ದರೆ ಸಂಪರ್ಕ ಕಡಿದು ಹೊಸದು ಮಾಡಬೇಕು. ಎಕ್ಸ್‌ಇಪಿ-0199 ಇರುವುದೇ ಇದಕ್ಕೆ.

ಕಾಕಾನ ಮನೆಯಲ್ಲಿ ರೂಟರಿಗೆ ಇನ್ವರ್ಟರ್ ಇಲ್ಲ. ಕರೆಂಟ್ ಹೋದಾಗ ವೈಫೈ ಕೂಡ ಹೋಗಿತ್ತು, ಆ್ಯಪ್‌ಗೆ ಅದು ಆಗಲೇ ತಿಳಿದಿತ್ತು. ಅಂದರೆ ಈ ರೋಗ ಬೇರೆ.

ಲಾಗ್ ಓದುವುದು

ಗಜಿಮ್‌ನಂಥ ಕ್ಲೈಂಟ್‌ನಲ್ಲಿ ಎಕ್ಸ್‌ಎಂಎಲ್ ಕನ್ಸೋಲ್ ಎಂಬ ಕಿಟಕಿ ಇದೆ. ಹೋಗುವ ಬರುವ ಪೊಟ್ಟಣಗಳೆಲ್ಲ ಅಲ್ಲಿ ಕಾಣುತ್ತವೆ. ಪಿಡ್ಜಿನ್‌ನಲ್ಲಿ ಸಹಾಯ ಮೆನುವಿನಲ್ಲಿ ಡಿಬಗ್ ಕಿಟಕಿ ಸಿಗುತ್ತದೆ. ನಮ್ಮ ಆ್ಯಪ್‌ನಲ್ಲಿ ಇದನ್ನೆಲ್ಲ ಲಾಗ್ ಎಂಬ ಫೈಲಿಗೆ ಬರೆಯುವ ವ್ಯವಸ್ಥೆ ಮೊದಲೇ ಹಾಕಿಟ್ಟಿದ್ದೆ, ಆ ದಿನ ಅದೇ ಕಾಪಾಡಿತು.

ಲಾಗ್ ಮೇಲಿಂದ ಕೆಳಗೆ ಓದಬೇಡಿ, ಹುಚ್ಚು ಹಿಡಿಯುತ್ತದೆ. ಹೊರಗೆ ಹೋದ ಗೆಟ್, ಸೆಟ್‌ಗಳ ಐಡಿ ಒಂದು ಕಡೆ ತೆಗೆಯಿರಿ. ಒಳಗೆ ಬಂದ ರಿಸಲ್ಟ್, ಎರರ್‌ಗಳ ಐಡಿ ಇನ್ನೊಂದು ಕಡೆ. ಜೋಡಿ ಆದವನ್ನು ಹೊಡೆದು ಹಾಕಿ. ಉಳಿದದ್ದೇ ಬಾಕಿ. ಹಾಳೆ ಪೆನ್ನು ಸಾಕು. ನಾನು ಕಾಕಾನ ಮಗ್ಗದ ಕಟ್ಟೆಯ ಮೇಲೆ ಕೂತು ನೂಲಿನ ಲೆಕ್ಕದ ಪುಸ್ತಕದ ಹಿಂಬದಿಗೆ ಬರೆದೆ.

ಲೆಕ್ಕ ಮಾಡಿದರೆ ಬಾಕಿ ಒಂದೂ ಇಲ್ಲ! ಜಾಗ ಕೇಳಿದ ಐಕ್ಯೂಗೆ ಉತ್ತರ ಬಂದಿತ್ತು. ವೇಳೆ ನೋಡಿದೆ. 4 ಗಂಟೆ 12 ನಿಮಿಷಕ್ಕೆ ಕೇಳಿದ್ದು. ಮರುಕ್ಷಣವೇ ಸಂಪರ್ಕ ಹೋಗಿದೆ. ಕಾಕಾ ಬಟನ್ ಒತ್ತುವುದಕ್ಕೂ ಕರೆಂಟ್ ಹೋಗುವುದಕ್ಕೂ ಸರಿಹೋಗಿದೆ. 4 ಗಂಟೆ 19ಕ್ಕೆ ಮತ್ತೆ ಸಂಪರ್ಕ. ಆಮೇಲೆ ಅದೇ ಐಡಿಯ ರಿಸಲ್ಟ್ ಒಳಗೆ ಬಂದಿದೆ. ಅದರ ಕೆಳಗೆ ಆ್ಯಪ್ ಬರೆದ ಒಂದು ಸಾಲು: ಗುರುತಿಲ್ಲದ ಐಡಿ, ಬಿಟ್ಟುಬಿಟ್ಟಿದ್ದೇನೆ.

ದುಡ್ಡು ತಂದವನನ್ನು ಬಾಗಿಲಿಂದಲೇ ವಾಪಸ್ ಕಳಿಸಿದ ಹಾಗೆ.

ಏಳು ನಿಮಿಷ ಆದ ಮೇಲೂ ಉತ್ತರ ಹೇಗೆ ಬಂತು ಎಂದು ಕೇಳಬಹುದು. ಅದು ಎಕ್ಸ್‌ಇಪಿ-0198ರ ಕೆಲಸ. ಎರಡೂ ಕಡೆಯವರು ಎಷ್ಟು ಪೊಟ್ಟಣ ಮುಟ್ಟಿತು ಎಂದು ಎಣಿಸುತ್ತಾರೆ, ಎಣಿಕೆ ಕೇಳಿ ಹೇಳಿ ಮಾಡುತ್ತಾರೆ. ಮುಟ್ಟದವನ್ನು ಇಬ್ಬರೂ ಇಟ್ಟುಕೊಂಡಿರುತ್ತಾರೆ. ಸಂಪರ್ಕ ಕಡಿದರೆ ಸರ್ವರ್ ಆ ಸೆಷನ್ ಅನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಂಡಿರುತ್ತದೆ. ನಮ್ಮ ಸರ್ವರ್‌ನಲ್ಲಿ ಆ ಅವಧಿ ಹತ್ತು ನಿಮಿಷ. ಅಷ್ಟರೊಳಗೆ ಕ್ಲೈಂಟ್ ಬಂದು ಹಳೆಯ ಗುರುತು ತೋರಿಸಿದರೆ ಅದೇ ಸೆಷನ್ ಮುಂದುವರಿಯುತ್ತದೆ, ಬಾಕಿ ಪೊಟ್ಟಣಗಳು ಸಾಲಾಗಿ ಬರುತ್ತವೆ. ಸರ್ವರ್ ತನ್ನ ಕೆಲಸ ಸರಿಯಾಗೇ ಮಾಡಿತ್ತು.

ಹಾಗಾದರೆ ಪುಸ್ತಕ ಹರಿದವರು ಯಾರು? ನಾನೇ. ಕೆಲವು ತಿಂಗಳ ಹಿಂದೆ, ಬಾಕಿ ಪಟ್ಟಿ ಬೆಳೆಯುತ್ತಲೇ ಹೋಗಿ ಮೆಮೊರಿ ತಿನ್ನುತ್ತಿದೆ ಎಂದು, ಸಂಪರ್ಕ ಕಡಿದ ಕೂಡಲೇ ಪಟ್ಟಿ ಖಾಲಿ ಮಾಡುವ ಮೂರು ಸಾಲು ಬರೆದಿದ್ದೆ. ಬುದ್ಧಿವಂತ ಕೆಲಸ ಎಂದು ಬೆನ್ನು ತಟ್ಟಿಕೊಂಡಿದ್ದೆ ಕೂಡ. ಅದರಲ್ಲಿ ಎರಡು ತಪ್ಪು. ಸೆಷನ್ ಮುಂದುವರಿಯಬಹುದು ಎಂದು ಕಾಯದೆ ಖಾಲಿ ಮಾಡಿದ್ದು ಒಂದು. ಕಾಯುತ್ತಿದ್ದವರಿಗೆ ಹೇಳದೆ ಖಾಲಿ ಮಾಡಿದ್ದು ಇನ್ನೊಂದು. ಎರಡನೆಯದೇ ದೊಡ್ಡದು. ಫೋಟೊ ಕಳಿಸುವ ಭಾಗಕ್ಕೆ "ಆಯ್ತು" ಅಂತಲೂ ಯಾರೂ ಹೇಳಲಿಲ್ಲ, "ಆಗಲಿಲ್ಲ" ಅಂತಲೂ ಹೇಳಲಿಲ್ಲ. ಪಾಪ, ಅದು ತಿರುಗದೆ ಏನು ಮಾಡೀತು?

ಸರಿಪಡಿಸಿದ ಬಗೆ

ಸಂಪರ್ಕ ಕಡಿದಾಗ ಈಗ ಪಟ್ಟಿ ಮುಟ್ಟುವುದಿಲ್ಲ. ಮತ್ತೆ ಸಂಪರ್ಕ ಆದಾಗ ಎರಡು ದಾರಿ. ಸೆಷನ್ ಮುಂದುವರಿದರೆ ಪಟ್ಟಿ ಹಾಗೇ ಉಳಿಯುತ್ತದೆ. ಮುಂದುವರಿಸಲು ಆಗದು ಎಂದು ಸರ್ವರ್ ಹೇಳಿದರೆ, ಕಾಯುತ್ತಿದ್ದ ಪ್ರತಿಯೊಬ್ಬರನ್ನೂ ಎರರ್ ಕೊಟ್ಟು ಕರೆದು, ಆಮೇಲೆ ಸಾಲು ಅಳಿಸುತ್ತೇವೆ. ಹಳೆಯ ಐಕ್ಯೂಗಳನ್ನು ಕಣ್ಣು ಮುಚ್ಚಿ ಮತ್ತೆ ಕಳಿಸುವುದು ಬೇಡ. ಮೆಸೇಜ್ ಮರುಕಳಿಸಬಹುದು. ಹತ್ತು ನಿಮಿಷದ ಹಿಂದೆ ಕೇಳಿದ ಪ್ರಶ್ನೆ ಈಗಲೂ ಬೇಕಾ ಎಂಬುದನ್ನು ಕೇಳಿದವರೇ ನಿರ್ಧರಿಸಲಿ.

ಪಟ್ಟಿಯ ಪ್ರತಿ ಸಾಲಿಗೆ ಐಡಿ, ಯಾರಿಗೆ ಕಳಿಸಿದ್ದು, ಯಾತಕ್ಕೆ, ಯಾವಾಗ, ಯಾವ ಸೆಷನ್‌ನಲ್ಲಿ ಎಂಬುದನ್ನು ಸೇರಿಸಿದೆ. ಸೇರಿದಾಗ, ಅಳಿದಾಗ, ಅವಧಿ ಮುಗಿದಾಗ ಲಾಗ್‌ಗೆ ಒಂದೊಂದು ಸಾಲು. ಆ್ಯಪ್ ಕಿಟಕಿಯ ಕೆಳಗಿನ ಅಂಚಿನಲ್ಲಿ "ಬಾಕಿ 3" ಎಂದು ಸಣ್ಣ ಅಂಕಿ. ಇದನ್ನು ಮೊದಲೇ ಮಾಡಿದ್ದರೆ ಕಾಕಾ ಫೋನ್‌ನಲ್ಲೇ ಅಂಕಿ ಓದಿ ಹೇಳುತ್ತಿದ್ದರು.

ಐಡಿಯ ವಿಷಯದಲ್ಲಿ ಎರಡು ಮುಳ್ಳು ಇವೆ, ತುಳಿಯಬೇಡಿ. ಒಂದು, ಐಡಿಯನ್ನು ಒಂದು ಎರಡು ಮೂರು ಎಂದು ಎಣಿಸುತ್ತ, ಪ್ರತಿ ಸಂಪರ್ಕಕ್ಕೂ ಮತ್ತೆ ಒಂದರಿಂದ ಶುರು ಮಾಡಿದರೆ, ಹಳೆಯ ಏಳಕ್ಕೆ ಬಂದ ಉತ್ತರ ಹೊಸ ಏಳಕ್ಕೆ ಹೋಗಿ ಬೀಳುತ್ತದೆ. ಊಹಿಸಲಾಗದ ಉದ್ದನೆಯ ಐಡಿ ಹಾಕಿ. ಇನ್ನೊಂದು, ಐಡಿ ಕೂಡಿದರೆ ಸಾಲದು, ಉತ್ತರ ಕೊಟ್ಟವರು ನಾವು ಕೇಳಿದವರೇನಾ ಎಂದೂ ನೋಡಬೇಕು. ಇಲ್ಲದಿದ್ದರೆ ಯಾರೋ ಮೂರನೆಯವರು ಸುಳ್ಳು ಉತ್ತರ ತುರುಕಬಹುದು. ಪಿಡ್ಜಿನ್‌ನಲ್ಲಿ ಇದೇ ಲೋಪ ಸಿಕ್ಕಿ 2014ರ 2.10.8 ಆವೃತ್ತಿಯಲ್ಲಿ ಸರಿಯಾಯಿತು. ಆದರೆ ಬಿಗಿ ಮಾಡುವ ಭರದಲ್ಲಿ ಜಾಸ್ತಿ ಬಿಗಿ ಮಾಡಬೇಡಿ. ವಿಳಾಸ ಹಾಕದೆ ಕೇಳಿದ ಪ್ರಶ್ನೆಗೆ ನಮ್ಮದೇ ಸರ್ವರ್ ಉತ್ತರಿಸುವಾಗ, ಕಳಿಸಿದವರ ವಿಳಾಸ ಇಲ್ಲದೆಯೂ ಇರಬಹುದು, ನಮ್ಮ ಖಾತೆಯ ವಿಳಾಸವೇ ಇರಬಹುದು. ಎರಡನ್ನೂ ಒಪ್ಪಬೇಕು.

ಇಷ್ಟು ಮಾಡಿ ಪರೀಕ್ಷೆಗೆ ಕೂತೆ. ವೈಫೈ ಆಫ್ ಮಾಡಿ ನೋಡುವುದು ಪರೀಕ್ಷೆಯ ಒಂದು ಭಾಗ ಮಾತ್ರ, ಆಗ ಸಿಸ್ಟಮ್ ಆ್ಯಪ್‌ಗೆ ಹೇಳಿಬಿಡುತ್ತದೆ. ಓಣಿಯ ಪೆಟ್ಟಿಗೆ ಸತ್ತ ಹಾಗೆ ಮಾಡಬೇಕೆಂದರೆ ಫೈರ್‌ವಾಲ್‌ನಲ್ಲಿ 5222ಕ್ಕೆ ಹೋಗುವುದು ಬರುವುದು ಎರಡನ್ನೂ ಸುಮ್ನೆ ನುಂಗುವ ನಿಯಮ ಹಾಕಿ. ತಿರಸ್ಕರಿಸುವ ನಿಯಮ ಅಲ್ಲ, ಡ್ರಾಪ್. ಎರಡು ನಿಮಿಷ ಹಾಗೆ ಮಾಡಿ ತೆಗೆದರೆ ಬಾಕಿ ಸೊನ್ನೆಗೆ ಬರಬೇಕು. ಹನ್ನೆರಡು ನಿಮಿಷ ಬಿಟ್ಟರೆ, ಅಂದರೆ ಸರ್ವರ್ ಕೈಬಿಡುವ ಹತ್ತು ನಿಮಿಷ ದಾಟಿದರೆ, ಎಲ್ಲ ಸಾಲಿಗೂ ಎರರ್ ಬಂದು ಸೊನ್ನೆ ಆಗಬೇಕು. ಎರಡೂ ಆಯಿತು.

ಕರೆಂಟ್ ಹೋದ ಹಾಗೆ ಏಳು ನಿಮಿಷದ ಪರೀಕ್ಷೆಯಲ್ಲಿ ಮತ್ತೆ ಫೋಟೊ ಹೋಗಲಿಲ್ಲ! ಈ ಸಲ ಚಕ್ರ ಇಲ್ಲ, ಕೆಂಪು ಗುರುತು. ಉತ್ತರ ಬಂದಿದೆ, ಪಟ್ಟಿಯಲ್ಲಿ ಸಾಲೂ ಇದೆ, ವಿಳಾಸವೂ ಸಿಕ್ಕಿದೆ, ಎರಡನೆಯ ಮೆಟ್ಟಿಲಲ್ಲಿ ಫೈಲ್ ಹಾಕಲು ಹೋದರೆ ಸರ್ವರ್ ಒಲ್ಲೆ ಎಂದಿದೆ. ಕಾರಣ ಎಕ್ಸ್‌ಇಪಿ-0363ರಲ್ಲೇ ಬರೆದಿದೆ. ಹಾಕುವ ವಿಳಾಸಕ್ಕೆ 300 ಸೆಕೆಂಡಿನಷ್ಟು ಕಡಿಮೆ ಆಯುಷ್ಯ ಇಡಿ ಎಂಬುದು ಅದರ ಸಲಹೆ. ಕೇಳಿದ ಕೂಡಲೇ ಹಾಕುತ್ತೀರಲ್ಲ, ಕಾಯುವುದೇಕೆ ಎಂಬುದು ಅವರ ಎಣಿಕೆ. ನಮ್ಮ ವಿಳಾಸ ಏಳು ನಿಮಿಷ ಸರ್ವರ್‌ನ ಕೈಯಲ್ಲೇ ಕೂತು ಹಳಸಿತ್ತು. ಉತ್ತರ ನಾಲ್ಕು ನಿಮಿಷಕ್ಕಿಂತ ತಡವಾಗಿ ಬಂದರೆ ಅದನ್ನು ಬಿಸಾಡಿ ಹೊಸ ಜಾಗ ಕೇಳುವಂತೆ ಮಾಡಿದೆ. ಫೋಟೊ ಹೋಯಿತು.

ಲಾಗ್ ಬೇರೆಯವರಿಗೆ ಕಳಿಸುವ ಮುಂಚೆ ಕತ್ತರಿ ಹಾಕಿ. ಲಾಗಿನ್ ಪ್ಲೇನ್ ವಿಧಾನದಲ್ಲಿ ಆಗಿದ್ದರೆ ಪಾಸ್‌ವರ್ಡ್ ಬೇಸ್64 ರೂಪದಲ್ಲಿ ಅಲ್ಲೇ ಇರುತ್ತದೆ. ಅದು ಬೀಗ ಅಲ್ಲ, ಮುಸುಕು ಅಷ್ಟೇ, ಯಾರು ಬೇಕಾದರೂ ಎತ್ತಿ ನೋಡಬಹುದು. ಫೋಟೊ ತೆಗೆಯುವ ವಿಳಾಸವೂ ಹಾಗೇ. ಆ ವಿಳಾಸ ಇದ್ದವರಿಗೆಲ್ಲ ಫೋಟೊ ಕಾಣುತ್ತದೆ. ಹೊಸ ಖಣದ ಡಿಸೈನ್ ಹಾಗೆ ಹೊರಗೆ ಹೋದರೆ ಕಾಕಾ ನನ್ನನ್ನು ಸುಮ್ಮನೆ ಬಿಡುವುದಿಲ್ಲ.

ಇನ್ನೊಂದು ಗಂಟು ಇದೆ, ಅದನ್ನು ಈಗ ಬಿಚ್ಚುತ್ತಿದ್ದೇನೆ. ಸಾಲಿನ ವೇಳೆ ಅಳೆಯಲು ಗೋಡೆ ಗಡಿಯಾರದ ಹೊತ್ತು ಬಳಸಬಾರದು, ಯಾರಾದರೂ ಗಡಿಯಾರ ತಿದ್ದಿದರೆ ಲೆಕ್ಕ ಕೆಡುತ್ತದೆ. ಅದಕ್ಕೆಂದು ಯಾರು ತಿದ್ದಿದರೂ ಹಿಂದೆ ಸರಿಯದ ಮೊನೊಟೊನಿಕ್ ಗಡಿಯಾರ ಹಾಕಿದೆ. ಅದು ಲಿನಕ್ಸ್‌ನಲ್ಲಿ ಲ್ಯಾಪ್‌ಟಾಪ್ ನಿದ್ದೆ ಮಾಡಿದ ಹೊತ್ತನ್ನು ಎಣಿಸುವುದೇ ಇಲ್ಲ. ಕಾಕಾ ಊಟಕ್ಕೆ ಹೋಗುವಾಗ ಮುಚ್ಚಳ ಮುಚ್ಚಿ, ತಾಸು ಬಿಟ್ಟು ತೆರೆದರೆ, ಆ್ಯಪ್‌ನ ಲೆಕ್ಕದಲ್ಲಿ ಎರಡೇ ಸೆಕೆಂಡು ಆಗಿರುತ್ತದೆ. ಹಳಸಿದ ವಿಳಾಸ ಅದರ ಕಣ್ಣಿಗೆ ತಾಜಾ. ನಿದ್ದೆಯನ್ನೂ ಎಣಿಸುವ ಬೂಟ್‌ಟೈಮ್ ಗಡಿಯಾರಕ್ಕೆ ಬದಲಿಸಿದ ಬಿಲ್ಡ್ ನಿನ್ನೆ ರಾತ್ರಿ ಕಳಿಸಿದ್ದೇನೆ. "ಮುಚ್ಚಳ ಮುಚ್ಚಿ ಊಟಾ ಮಾಡ್ರಿ ಕಾಕಾ, ಬಂದ ಮ್ಯಾಲ ಬಾಕಿ ಎಷ್ಟ ಐತಿ ಓದಿ ಹೇಳ್ರಿ" ಎಂದಿದ್ದೇನೆ.